ನೆಟ್ ಮುಟ್ಟಿದ ಕೈ

ಮರ ಕಬ್ಬಿಣ ತಿನ್ನುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಮಧುಗಿರಿಯಲ್ಲಿ ನಮ್ಮ ಚರ್ಚಿನ ಕಾಂಪೌಂಡಿನೊಳಗಿರುವ ಹುಣಸೆ ಮರ ಒಂದು ಕೊಂಡಿಯನ್ನು ತಿಂದು ಕೂತಿದೆ. ಹೆಬ್ಬೆರಳು ಗಾತ್ರದ ಕೊಂಡಿ. ವಾಲಿಬಾಲ್ ನೆಟ್ಟಿನ ಒಂದು ತುದಿ ಕಟ್ಟುವುದಕ್ಕೆಂದು ಮೂವತ್ತೈದು ವರ್ಷಗಳ ಹಿಂದೆ ಕಾಂಡಕ್ಕೆ ಹೊಡೆದದ್ದು. ಈಗ ತೊಗಟೆ ಅದರ ಸುತ್ತ ಹಲ್ಲಿಲ್ಲದ ಬಾಯಿಯ ಹಾಗೆ ಮುಚ್ಚಿಕೊಂಡಿದೆ. ತುದಿ ಮಾತ್ರ ಉಗುರಿನಷ್ಟು ಹೊರಗೆ ಕಾಣುತ್ತದೆ. ಅದನ್ನು ಹೊಡೆದದ್ದು ಯಾರು? ನಾನು ಎಂದು ಬರೆಯಲು ಪೆನ್ನು ಆಗಲೇ ಮುಂದಾಗಿತ್ತು. ತಡೆದೆ. ಸುತ್ತಿಗೆಯ ಹಿಡಿ ಅಂಗೈಗೆ ಅಂಟಿದ್ದು ಕೂಡ ನನಗೆ ನೆನಪಿದೆ. ಆದರೆ ಇತ್ತೀಚೆಗೆ ಇಷ್ಟು ಚೆನ್ನಾಗಿರುವ ನೆನಪುಗಳನ್ನು ಕಂಡರೆ ನನಗೆ ಅನುಮಾನ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ. ನೇರವಾಗಿ ಹೇಳುವುದು ನನ್ನ ಸ್ವಭಾವವಲ್ಲ ಎಂದು ಈಚೆಗಷ್ಟೇ ಗೊತ್ತಾಗಿದೆ.

ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎನ್ನುವುದು ನಮ್ಮ ಕಡೆ ಯಾರೂ ಪ್ರಶ್ನೆ ಮಾಡದ ಮಾತು. ಅಂಥ ಮರದ ನೆರಳು ಬೀಳುವ ಜಾಗದಲ್ಲಿ ನಮ್ಮ ಹಿರಿಯರು ಚರ್ಚು ಕಟ್ಟಿದರು. ‘ದೆವ್ವಕ್ಕೆ ದೇವರ ಮಗ್ಗುಲಲ್ಲೇ ಸೈಟು ಸಿಕ್ಕೈತೆ’ ಎಂದು ಬೀದಿಯವರು ನಗುತ್ತಿದ್ದರಂತೆ. ನಮ್ಮದು ಸಣ್ಣ ಸಭೆ. ಇವತ್ತಿಗೂ ಕ್ರಿಸ್‌ಮಸ್ ದಿನ ಬಿಟ್ಟರೆ ಹಿಂದಿನ ನಾಲ್ಕು ಬೆಂಚುಗಳ ಮೇಲೆ ಕೂರುವುದು ದೂಳು ಮಾತ್ರ. ಆದರೆ ಕಾಂಪೌಂಡು ದೊಡ್ಡದು. ಸಂಜೆಯಾದರೆ ಊರಿನ ಎಲ್ಲ ಜಾತಿಯ, ಎಲ್ಲ ಬೀದಿಯ ಹುಡುಗರೂ ಅಲ್ಲಿ ಸೇರುತ್ತಿದ್ದೆವು. ನೆಟ್ಟಿನ ಒಂದು ತುದಿ ಹುಣಸೆ ಮರಕ್ಕೆ. ಇನ್ನೊಂದು ತುದಿ ಚರ್ಚಿನ ಗಂಟೆಯ ಕಂಬಕ್ಕೆ.

ಇದರಿಂದ ಒಂದು ವಿಚಿತ್ರ ಆಯಿತು. ವಾಲಿಬಾಲ್‌ನಲ್ಲಿ ಆಡುವವನ ಕೈ ನೆಟ್ಟಿಗೆ ತಾಗಿದರೆ ತಪ್ಪು, ಎದುರಿನವರಿಗೆ ಪಾಯಿಂಟು. ಇದನ್ನು ಹಿಡಿಯುವುದು ಕಷ್ಟ. ರೆಫ್ರಿಯ ಕಣ್ಣು ತಪ್ಪುತ್ತದೆ, ಮುಟ್ಟಿದವನು ಒಪ್ಪುವುದಿಲ್ಲ, ಕಾಲರು ಹಿಡಿಯುವತನಕ ಹೋಗುತ್ತದೆ. ನಮ್ಮಲ್ಲಿ ಜಗಳವೇ ಇರಲಿಲ್ಲ. ಕೈ ತಾಗಿದ ಕೂಡಲೇ ನೆಟ್ಟು ಕಂಬವನ್ನು ಎಳೆಯುತ್ತಿತ್ತು, ಗಂಟೆ ‘ಣಿಣ್’ ಎನ್ನುತ್ತಿತ್ತು. ರೆಫ್ರಿಯೇ ಬೇಕಾಗಿರಲಿಲ್ಲ. ಪಕ್ಕದ ಬೀದಿಯ ಹೆಂಗಸರು ಅಡುಗೆಮನೆಯಿಂದಲೇ ‘ಯಾರೋ ಮುಟ್ಟುದ್ರು’ ಎನ್ನುತ್ತಿದ್ದರು. ನಿಜವಾಗಿ ಪ್ರತಿ ಸಲ ಬಾರಿಸುತ್ತಿತ್ತೇ? ಹತ್ತಕ್ಕೆ ಮೂರು ಸಲವೋ ನಾಲ್ಕು ಸಲವೋ ಇರಬೇಕು. ಉಳಿದ ಆರು ಸಲ ನಾವು ಮುಟ್ಟಿಲ್ಲ ಎಂದುಕೊಂಡೇ ಮನೆಗೆ ಹೋಗಿರಬೇಕು.

ನಮ್ಮ ಆಟ ನಿಲ್ಲುತ್ತಿದ್ದದ್ದು ಎರಡೇ ಕಾರಣಕ್ಕೆ. ಒಂದು, ಸಂಜೆ ಪ್ರಾರ್ಥನೆ. ಇನ್ನೊಂದು, ಜೇನು. ನಮ್ಮೂರ ಬೆಟ್ಟ ನಿಮಗೆ ಗೊತ್ತಲ್ಲ, ಒಂದೇ ಕಲ್ಲು, ನೋಡಿದವರಿಗೆ ಕತ್ತು ನೋಯುವಷ್ಟು ಎತ್ತರ. ಅದರ ಮೈಯಲ್ಲಿ ಹೆಜ್ಜೇನು ಕಟ್ಟುತ್ತದೆ. ಹುಣಸೆ ಹೂವು ಬಿಡುವ ಕಾಲಕ್ಕೆ ಆ ಜೇನಿಗೆ ಮೇವು ನಮ್ಮ ಮರದಲ್ಲಿ. ಚೆಂಡು ಕೊಂಬೆಗೆ ಬಡಿದರೆ ಹನ್ನೆರಡು ಜನವೂ ಚರ್ಚಿನೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹೊರಗಿನವರಲ್ಲಿ ಹಲವರು ಚರ್ಚಿನ ಒಳಭಾಗ ನೋಡಿದ್ದು ಹಾಗೆಯೇ.

ಹಾಗೆ ಒಳಗೆ ನುಗ್ಗಿದವರಲ್ಲಿ ನಂಜುಂಡನೂ ಒಬ್ಬ. ಪೇಟೆಯಲ್ಲಿ ಅವರಪ್ಪನದು ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರ. ಉದ್ದನೆಯ ಹುಡುಗ, ಕತ್ತಲ್ಲಿ ಲಿಂಗ, ಹಣೆಯ ಮೇಲೆ ಬೆವರಿಗೆ ಕರಗಿ ಹುಬ್ಬಿಗಿಳಿಯುವ ವಿಭೂತಿ. ನೆಟ್ಟಿನ ಹತ್ತಿರ ಬ್ಲಾಕ್ ಮಾಡಲು ನಿಂತನೆಂದರೆ ಎದುರಿನವರಿಗೆ ಆಕಾಶ ಕಾಣುತ್ತಿರಲಿಲ್ಲ. ನಾನು ಕ್ಯಾಪ್ಟನ್. ಕುಳ್ಳನಾದದ್ದರಿಂದ ಚೆಂಡು ಎತ್ತಿಕೊಡುವ ಕೆಲಸ, ಮತ್ತು ಬಯ್ಯುವ ಕೆಲಸ.

ಒಂದು ಬೇಸಿಗೆ ಸಿರಾದಲ್ಲಿ ಟೂರ್ನಮೆಂಟು. ಫೈನಲ್‌ಗೆ ಬಂದುಬಿಟ್ಟೆವು. ಎದುರಾಳಿಗಳು ಆ ಊರಿನವರೇ, ಅವರ ಕ್ಯಾಪ್ಟನ್ ಬಾಷಾ ಎಂಬ ಗಟ್ಟಿ ಆಳು. ಅಲ್ಲಿ ನಾವು ಮಾಡಿದ ತಪ್ಪನ್ನು ಬೇರೆ ಯಾವ ಊರಿನವರೂ ಮಾಡಲಾರರು. ಯಾರ ಕೈಯಾದರೂ ನೆಟ್ಟಿಗೆ ತಾಗಿತು ಎನಿಸಿದ ತಕ್ಷಣ ನಾವು ಆರೂ ಜನ ಆಟ ನಿಲ್ಲಿಸಿ ಕಂಬದ ಕಡೆ ತಿರುಗುತ್ತಿದ್ದೆವು, ಗಂಟೆ ಬಾರಿಸುತ್ತದೇನೋ ಎಂದು. ಅಲ್ಲಿ ಗಂಟೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಚೆಂಡು ನಮ್ಮ ಬೆನ್ನ ಹಿಂದೆ ನೆಲಕ್ಕೆ ಬಿದ್ದಿರುತ್ತಿತ್ತು. ‘ಮಧುಗಿರಿಯೋರು ಕಂಬಕ್ಕೆ ಸಲಾಮ್ ಹೊಡೀತಾವ್ರೆ ನೋಡ್ರೋ’ ಎಂದು ಜನ ಕೇಕೆ ಹಾಕಿದರು. ಮೊದಲನೆಯ ಸೆಟ್ಟು ಹಾಗೆಯೇ ಹೋಯಿತು. ಎರಡನೆಯದನ್ನು ಹೇಗೋ ಗೆದ್ದೆವು.

ಮೂರನೆಯ ಸೆಟ್ಟಿನ ಕೊನೆಯನ್ನು ನಾನು ಇಪ್ಪತ್ತಾರು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಸಿರಾ ತಾಲ್ಲೂಕಿನ ಗೌಡಗೆರೆಯಲ್ಲಿ ಇದ್ದೆ, ಕೊರಟಗೆರೆಯ ಕಡೆ ತೋವಿನಕೆರೆಯಲ್ಲಿ ಇದ್ದೆ, ಈಗ ಪಾವಗಡದ ಕಡೆ ರಾಯಚರ್ಲಿನಲ್ಲಿ ಇದ್ದೇನೆ. ಎಲ್ಲ ಕಡೆಯೂ ಕ್ರೀಡಾದಿನದ ಮುಂಚಿನ ಪ್ರಾರ್ಥನೆಯಲ್ಲಿ ನನ್ನ ಈ ಕಥೆ ಇದ್ದೇ ಇರುತ್ತಿತ್ತು. ಅದು ಹೀಗೆ: ನಾವು ಹದಿನಾಲ್ಕು, ಅವರು ಹದಿಮೂರು. ಬಾಷಾ ಸ್ಮ್ಯಾಷ್ ಹೊಡೆದ. ನಾವು ತಡೆದೆವು. ಚೆಂಡು ಅವರ ಕಡೆ ಸತ್ತು ಬಿತ್ತು. ರೆಫ್ರಿ ಸೀಟಿ ಊದಿದ. ಗೆದ್ದೆವು. ಎಲ್ಲರೂ ಕುಣಿಯುತ್ತಿರುವಾಗ ನಾನು ಕೈ ಎತ್ತಿದೆ. ‘ಸಾರ್, ನೆಟ್ ಟಚ್.’ ರೆಫ್ರಿ ನೋಡಿರಲಿಲ್ಲ, ಯಾರೂ ನೋಡಿರಲಿಲ್ಲ. ಪಾಯಿಂಟು ಅವರಿಗೆ ಹೋಯಿತು. ಹದಿನಾಲ್ಕು–ಹದಿನಾಲ್ಕು. ಆಮೇಲೆ ಸೋತೆವು. ‘ಸೋತೆವು ಮಕ್ಕಳೇ, ಆದರೆ...’ ಎಂದು ನಾನು ಎಡಗೈ ಕಿರುಬೆರಳನ್ನು ಎತ್ತಿ ತೋರಿಸುತ್ತಿದ್ದೆ. ‘ತಾಗಿದ್ದು ಇದೇ ಬೆರಳು.’ ಮಕ್ಕಳು ಆ ಬೆರಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಆ ಬೆರಳಿಗೆ ನೂಲು ಸವರಿದ್ದು ನನಗೆ ಈಗಲೂ ಗೊತ್ತಾಗುತ್ತದೆ.

ಈಸ್ಟರ್‌ಗೆ ಇನ್ನೂ ಮೂರು ವಾರ ಇತ್ತು. ನಮ್ಮ ಹೊಸ ಪಾಸ್ಟರು, ಇನ್ನೂ ಚಿಕ್ಕ ವಯಸ್ಸಿನವರು, ಫೋನ್ ಮಾಡಿ ‘ಮೇಷ್ಟ್ರೇ, ಈ ಭಾನುವಾರ ಯುವಜನರ ಆರಾಧನೆ. ನಿಮ್ಮ ಆ ವಾಲಿಬಾಲ್ ಸಾಕ್ಷಿ ಹೇಳಬೇಕು’ ಎಂದರು. ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಕೋರ್ಟಿನ ಸಾಕ್ಷಿಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಪಾಟೀಸವಾಲು ಇರುವುದಿಲ್ಲ. ಸಂತೋಷದಿಂದ ಒಪ್ಪಿಕೊಂಡೆ.

ಹಿಂದಿನ ದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಪಾವಗಡದ ಬಸ್ಸಿನಲ್ಲಿ ಬಂದವನು ಚೀಲ ಹೆಗಲಲ್ಲಿಟ್ಟುಕೊಂಡೇ ಚರ್ಚಿಗೆ ಹೋದೆ. ಹುಣಸೆ ಬಡಿಯುವ ದಿನ. ಪ್ರತಿ ವರ್ಷ ಸಭೆಯವರೆಲ್ಲ ಸೇರಿ ಮರ ಬಡಿದು, ನೆರಳಲ್ಲಿ ಕೂತು ಸಿಪ್ಪೆ ಬಿಡಿಸಿ, ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯುವುದು ನಮ್ಮ ರೂಢಿ. ಎಂಬತ್ತು ದಾಟಿದ ಎಸ್ತರಮ್ಮ, ಒಂದು ಕಾಲದಲ್ಲಿ ಊರಿನ ಅರ್ಧದಷ್ಟು ಹೆರಿಗೆ ಮಾಡಿಸಿದ ನರ್ಸು, ಮಧ್ಯದಲ್ಲಿ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಗೇಟಿನ ಆಚೆ ನಂಜುಂಡ ತಕ್ಕಡಿ ನೇತುಹಾಕಿಕೊಂಡು ಕಾಯುತ್ತಿದ್ದ. ಅಪ್ಪನ ಅಂಗಡಿ ಈಗ ಅವನದು. ನಮ್ಮ ಮರದ ಹುಣಸೆಯನ್ನು ಅವನೇ ಒಯ್ಯುವುದು. ಅವನು ಯಾವತ್ತೂ ಗೇಟು ದಾಟಿ ಒಳಗೆ ಬರುವುದಿಲ್ಲ. ಮಡಿವಂತ, ಚರ್ಚಿನ ಜಾಗಕ್ಕೆ ಬರಲು ಸಂಕೋಚ ಎಂದು ನಾನು ತಿಳಿದಿದ್ದೆ. ಅವನ ಸಂಕೋಚವನ್ನು ಗೌರವಿಸುತ್ತೇನೆಂದು ನನ್ನ ಬಗ್ಗೆ ನನಗೇ ಸ್ವಲ್ಪ ಮೆಚ್ಚುಗೆಯೂ ಇತ್ತು.

‘ನಾಳೆ ನಮ್ಮ ಸುಂದರರಾಜಂದೇ ಸಾಕ್ಷಿ ಕಣಮ್ಮ’ ಎಂದರು ಎಸ್ತರಮ್ಮ, ನನ್ನ ಹೆಂಡತಿ ಶಾಂತಳಿಗೆ, ಗೇಟಿನ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. ‘ಸಿರಾದಲ್ಲಿ ಕೈ ಎತ್ತಿದ್ನಲ್ಲ, ಅದು.’

ನಂಜುಂಡ ತಕ್ಕಡಿಯ ಮುಳ್ಳು ನೋಡುತ್ತಿದ್ದವನು ತಲೆ ಎತ್ತಿದ. ‘ಯಾರು ಎತ್ತಿದ್ದು?’

‘ಇನ್ಯಾರು, ಇವ್ನೇ.’

‘ಓಹೋ’ ಎಂದ. ಮೂಟೆಯ ಬಾಯಿ ಕಟ್ಟಿದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ‘ಚೆನ್ನಾಗೈತೆ. ಅಂಗೇ ಹೇಳು ಸುಂದ್ರ. ಆಮೇಲೆ ನನ್ನ ಬನಿಯನ್ ಹಿಡ್ಕಂಡು ಎಳೆದಾಡಿದ್ಯಲ್ಲ, ಅದ್ನೂ ಹೇಳ್ತೀಯೋ, ಇಲ್ಲಾ ಅದು ನಾನೇ ಮಾಡಿದ್ದೋ?’

ನಾನು ನಕ್ಕೆ. ಅವನು ನಗಲಿಲ್ಲ.

‘ಲೇ ನಂಜುಂಡ, ನೆಟ್ ಟಚ್ ಅಂದಿದ್ದು ನಾನು ಕಣ್ಲಾ. ಇದೇ ಬೆರಳು...’

‘ನೀನು ಇರೋ ಎತ್ತರಕ್ಕೆ ನೆಟ್ಟು ಮುಟ್ಟಬೇಕಾದ್ರೆ ಏಣಿ ಹಾಕಬೇಕಿತ್ತು. ಬ್ಲಾಕಿಗೆ ಎಗರಿದ್ದು ಯಾರು? ನೀನಾ?’

ಹೆಂಗಸರು ಸುತ್ತಿಗೆ ನಿಲ್ಲಿಸಿದ್ದರು. ಹದಿನಾರು ಕಣ್ಣುಗಳು ನನ್ನ ಎತ್ತರವನ್ನು ಅಳೆದವು. ನನಗೆ ಸಿಟ್ಟು ಬಂತು. ಬಾಷಾನನ್ನೇ ಕೇಳೋಣ ಎಂದೆ. ಅವನು ಈಗ ಸಿರಾದಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಹಬ್ಬಕ್ಕೊಮ್ಮೆ ಮಾತಾಡುವ ಪರಿಚಯ ಉಳಿದಿದೆ. ಎಲ್ಲರಿಗೂ ಕೇಳಲಿ ಎಂದು ಫೋನಿನ ಸ್ಪೀಕರ್ ಹಾಕಿದೆ. ಗೆಲ್ಲುವವನ ಧೈರ್ಯ.

‘ಅರೆ ಮೇಷ್ಟ್ರೇ, ಅದು ಹೆಂಗೆ ಮರೀತೀನಿ?’ ಎಂದಿತು ಫೋನು. ‘ನಿಮ್ ಕಡೆ ಉದ್ದಾನೆ ವಿಭೂತಿ ಹುಡ್ಗ ಇದ್ನಲ್ಲ, ಅವ್ನು ಕೈ ಎತ್ತಿದ್ದು. ಬಿಲ್ಕುಲ್ ಅವ್ನೇ. ಒಳ್ಳೇ ದಿಲ್ ಇರೋ ಹುಡ್ಗ. ನೀವು ಅವ್ನಿಗೆ ಹೊಡಿಯಾಕೆ ಹೋಗಿದ್ರಿ. ನಾನೇ ಬಂದು ನಿಮ್ಮನ್ನ ಎತ್ಕೊಂಡು ಆ ಕಡೆ ಇಟ್ಟೆ. ಹಗುರ ಇದ್ರಿ ಆವಾಗ.’

ಎಸ್ತರಮ್ಮ ‘ಸ್ವಾಮಿ’ ಎಂದರು. ಯಾವ ಸ್ವಾಮಿಗೆ ಹೇಳಿದರೋ.

ಫೋನು ಇಟ್ಟ ಮೇಲೆ ಏನಾದರೂ ಹೇಳಬೇಕಲ್ಲ, ‘ಹಳೇದು ಬುಡು ನಂಜುಂಡ, ಎಷ್ಟು ವರ್ಷ ಆಯ್ತು’ ಎಂದೆ.

‘ಹುಣಸೆಮರ ಮುಪ್ಪಾದ್ರೆ ಹುಳಿ ಮುಪ್ಪಾಗ್ತದಾ?’ ಎಂದ ಅವನು. ‘ನೀನು ಬೈದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣ್ಲಾ. ಸೋತಿದ್ವಿ, ಬೈದೆ. ಆದ್ರೆ ಬಸ್ಸಿಳಿದ ಮೇಲೆ ಒಂದು ಮಾತು ಅಂದೆ. ಇನ್ಮ್ಯಾಕೆ ನಮ್ಮ ಕಾಂಪೌಂಡಿಗೆ ಕಾಲಿಡಬ್ಯಾಡ ಅಂದೆ. ನಮ್ಮ ಕಾಂಪೌಂಡು. ಅಲ್ಲೀತನಕ ಅದು ನಿಮ್ಮದು ಅಂತ ನಂಗೆ ಗೊತ್ತೇ ಇರಲಿಲ್ಲ.’

ಮೂಟೆಗಳನ್ನು ಗಾಡಿಗೆ ಹಾಕಿಸಿ ಹೋದ. ಅಷ್ಟು ಹೊತ್ತೂ ಅವನ ಕಾಲು ಇದ್ದದ್ದು ಗೇಟಿನ ಕಲ್ಲಿನಿಂದ ಒಂದು ಗೇಣು ಹೊರಗೆ. ಮಡಿಯೂ ಅಲ್ಲ, ಸಂಕೋಚವೂ ಅಲ್ಲ. ಅಷ್ಟು ವರ್ಷವೂ ಅವನು ನನ್ನ ಮಾತನ್ನು ಪಾಲಿಸಿಕೊಂಡು ಬಂದಿದ್ದ.

ಮನೆಯಲ್ಲಿ ನಾನು ನನ್ನ ನೆನಪನ್ನು ಬಟ್ಟೆ ಒಗೆದ ಹಾಗೆ ಕಲ್ಲಿಗೆ ಬಡಿದೆ. ಎಲ್ಲಿ ಬದಲಾಯಿತು? ಗೌಡಗೆರೆಯಲ್ಲಿ ಮೊದಲ ಸಲ ಹೇಳಿದಾಗ ‘ನಮ್ಮ ಟೀಮಿನ ಒಬ್ಬ ಹುಡುಗ’ ಎಂದೇ ಹೇಳಿದ್ದೆ, ಅಷ್ಟು ಖಚಿತ. ಕಡಲೆಕಾಯಿ ಕೀಳುವ ಕಾಲ, ಅರ್ಧ ಮಕ್ಕಳು ಹೊಲದಲ್ಲಿ, ಉಳಿದರ್ಧ ಅಂಗಳದಲ್ಲಿ. ‘ಯಾರು ಸಾ ಆ ಹುಡುಗ?’ ಎಂದು ಒಬ್ಬಳು ಕೇಳಿದಳು. ನಾನು ಒಂದು ಕ್ಷಣ ಸುಮ್ಮನಿದ್ದೆ. ಹೆಡ್‌ಮಾಸ್ಟರು ನಗುತ್ತ, ‘ನಿಮ್ಮ ಮೇಷ್ಟ್ರೇ ಕಣ್ರೋ, ನಾಚ್ಕೊಂತಾವ್ರೆ’ ಎಂದರು. ಮಕ್ಕಳು ಚಪ್ಪಾಳೆ ಹೊಡೆದವು. ಚಪ್ಪಾಳೆ ಹೊಡೆಯುವಾಗ ಅಡ್ಡ ಮಾತಾಡುವುದು ಹೇಗೆ? ತೋವಿನಕೆರೆಗೆ ಬರುವ ಹೊತ್ತಿಗೆ ಅದು ನನ್ನದೇ ಕೈ ಆಗಿತ್ತು. ಬೆರಳು ಯಾವಾಗ ಸೇರಿತೋ. ನಮ್ಮ ಹುಣಸೆ ಮರದಡಿ ಸಾವಿರ ಸಲ ನೆಟ್ಟು ಸವರಿದ ಬೆರಳು ಅದು. ಸಿರಾದ ನೆಟ್ಟಿಗೆ ಅದನ್ನು ಒಯ್ದು ಕಟ್ಟುವುದು ಏನು ಕಷ್ಟ?

ಆದರೆ ನೋಡಿ, ಈ ಹೆಡ್‌ಮಾಸ್ಟರ ಕಥೆಯೂ ನನಗೆ ಅನುಕೂಲವಾಗಿಯೇ ಇದೆ. ತಪ್ಪು ಅವರದ್ದಾಗುತ್ತದೆ, ನನ್ನದು ಬರೀ ನಾಚಿಕೆಯಾಗುತ್ತದೆ. ಆದ್ದರಿಂದ ಇದನ್ನೂ ಪೂರ್ತಿ ನಂಬಬೇಡಿ.

‘ನಾಳೆ ಬೇರೆ ಏನಾದ್ರೂ ಹೇಳ್ಬುಡ್ರಿ’ ಎಂದಳು ಶಾಂತ, ತಟ್ಟೆ ಮುಂದಿಡುತ್ತ. ‘ನಿಮಗೆ ಡೆಂಗ್ಯೂ ಬಂದು ವಾಸಿಯಾಯ್ತಲ್ಲ, ಅದೂ ಸಾಕ್ಷಿನೇ.’

‘ಅದು ನಿಜವಾಗ್ಲೂ ನನಗೇ ಬಂದಿತ್ತಾ?’

‘ಸೊಳ್ಳೆ ಕಚ್ಚಿದ್ದು ನಿಮ್ಮನ್ನ, ಎದ್ದು ಓಡಾಡಿದ್ದು ನಾನು’ ಎಂದಳು. ಅವಳಿಗೆ ತನ್ನ ನೆನಪಿನ ಮೇಲೆ ಯಾವ ಅನುಮಾನವೂ ಇಲ್ಲ. ಆಮೇಲೆ, ‘ನಂಜುಂಡಣ್ಣನ್ನ ಒಳಗೆ ಬನ್ನಿ ಅಂತ ನಾನೇ ಎಷ್ಟೋ ಸಲ ಕರ್ದಿದ್ದೀನಿ. ಇರ್ಲಿ ಕಣಮ್ಮ ಅನ್ನೋರು. ಒಂದು ದಿನಾನೂ ನಿಮ್ಮ ಹೆಸರು ಹೇಳಲಿಲ್ಲ’ ಎಂದಳು. ಡೆಂಗ್ಯೂ ಬಗ್ಗೆ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.

ಭಾನುವಾರ ವೇದಿಕೆಯ ಮೇಲೆ ನಿಂತಾಗ ಒಂದು ಭಯಂಕರ ಸಂಗತಿ ನಡೆಯಿತು. ನನ್ನ ಬಾಯಿ ತಾನಾಗಿಯೇ ಹಳೆಯ ಕಥೆಯನ್ನು ಶುರು ಮಾಡಿತು. ಸಿರಾ, ಬಿಸಿಲು, ಬಾಷಾನ ಸ್ಮ್ಯಾಷು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲವೂ ಹದವಾಗಿ ಬರುತ್ತಿತ್ತು. ಎಡಗೈ ಕಿರುಬೆರಳು ಮೇಲೇಳತೊಡಗಿತು. ಅದನ್ನು ಬಲಗೈಯಿಂದ ಹಿಡಿದುಕೊಂಡೆ. ಬೆಂಚುಗಳಲ್ಲಿದ್ದವರಿಗೆ ನಾನು ಪ್ರಾರ್ಥನೆಗೆ ಕೈ ಮುಗಿದ ಹಾಗೆ ಕಂಡಿರಬೇಕು. ಎರಡು ಮೂರು ಜನ ತಲೆ ಬಾಗಿಸಿದರು.

‘ಕೈ ಎತ್ತಿದ್ದು ನಾನಲ್ಲ’ ಎಂದೆ.

ಪಾಸ್ಟರು ತಲೆ ಎತ್ತಿದರು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಎತ್ತಿದವನು ನಂಜುಂಡ. ಅವನನ್ನು ಹೊಡೆಯಲು ಹೋದವನು ನಾನು. ಈ ಕಾಂಪೌಂಡಿಗೆ ಬರಬೇಡ ಎಂದವನು ನಾನು. ಯಾವ ಕೆಲಸಕ್ಕೆ ಅವನನ್ನು ಬೈದೆನೋ ಅದನ್ನೇ ಕದ್ದು ನನ್ನದೆಂದು ಮೂರು ತಾಲ್ಲೂಕಿನ ಮಕ್ಕಳಿಗೆ ಹೇಳಿದವನೂ ನಾನೇ. ಇದರಲ್ಲಿ ದೇವರು ಏನು ಮಾಡಿದ ಎಂದು ನನಗೆ ಗೊತ್ತಿಲ್ಲ, ಇನ್ನೂ ನೋಡಬೇಕು, ಎಂದು ಇಳಿದುಬಿಟ್ಟೆ. ಆಮೆನ್ ಹೇಳಲು ಮರೆತೆ.

‘ಅಯ್ಯೋ, ಗೇಟಲ್ಲೇ ನಿಲ್ಲೋದು ಅದಕ್ಕೇನೋ ಆ ಹುಡುಗ’ ಎಂದರು ಎಸ್ತರಮ್ಮ. ಕಿವಿ ಮಂದವಾದ್ದರಿಂದ ಹಿಂದಿನ ದಿನ ನಂಜುಂಡ ಕೊನೆಗೆ ಅಂದದ್ದು ಅವರಿಗೆ ಕೇಳಿಸಿರಲಿಲ್ಲ, ಅವರ ಗುಟ್ಟೆಲ್ಲ ಗಟ್ಟಿಯಾಗಿಯೇ ಇರುತ್ತದೆ. ‘ಅವ್ನು ಹುಟ್ಟಿದಾಗ ನಾನೇ ಹಿಡಿದಿದ್ದು ಕಣಮ್ಮ. ಕಾಲು ಮುಂದಾಗಿ ಬಂದಿದ್ದ.’

ಪಾಸ್ಟರು ಪಟ್ಟಿಯಲ್ಲಿ ಇಲ್ಲದ ಕೀರ್ತನೆಯೊಂದನ್ನು ಅವಸರವಾಗಿ ಹಾಡಿಸಿದರು. ಆರಾಧನೆ ಮುಗಿದ ಮೇಲೆ ಕೈ ಕುಲುಕುತ್ತ, ‘ಮೇಷ್ಟ್ರೇ, ಮೊದಲಿನದರಲ್ಲಿ ಯುವಜನರಿಗೆ ಒಂದು ಸ್ಪಷ್ಟ ನೀತಿ ಇತ್ತು’ ಎಂದರು. ಒಳ್ಳೆಯವರು. ಇದ್ದದ್ದನ್ನು ಹೇಳಿದರು.

ಮನೆಗೆ ಹೋಗದೆ ಪೇಟೆಗೆ ಹೋದೆ. ಹೇಳಿಬಿಟ್ಟೆನಲ್ಲ ಎಂಬ ಹಗುರ ಮೈಯಲ್ಲಿತ್ತು. ಅದು ಎಷ್ಟು ಅಗ್ಗದ ಹಗುರ ಎಂದು ಇನ್ನೂ ಗೊತ್ತಿರಲಿಲ್ಲ. ನಂಜುಂಡ ಅಂಗಡಿಯಲ್ಲಿ ಕಡಲೆಕಾಯಿ ರಾಶಿಯ ಹಿಂದೆ ಕೂತಿದ್ದ. ಗಿರಾಕಿಗಳಿದ್ದರು. ನಾನು ಮೆಟ್ಟಿಲ ಮೇಲೆ ನಿಂತು, ಅವರಿಗೂ ಕೇಳುವ ಹಾಗೆ, ‘ನಂಜುಂಡ, ಚರ್ಚಲ್ಲಿ ಎಲ್ಲರ ಮುಂದೆ ಹೇಳಿದೆ. ಕೈ ಎತ್ತಿದ್ದು ನೀನು. ಬರಬೇಡ ಅಂದಿದ್ದು ನನ್ನ ತಪ್ಪು. ಇನ್ನು ಮೇಲೆ ಒಳಗೆ ಬಾ. ಶನಿವಾರ ಸಾಯಂಕಾಲ ಹುಡುಗರ ಜೊತೆ ಒಂದು ಗೇಮ್ ಆಡಾಣ’ ಎಂದೆ.

ಅವನು ಒಂದು ಕಾಯಿ ಒಡೆದು, ಬೀಜ ನೋಡಿ, ಪಕ್ಕಕ್ಕಿಟ್ಟ. ‘ಹೇಳ್ದಾ? ಒಳ್ಳೇದು.’

‘ಬರ್ತೀಯಾ?’

‘ಬರಲ್ಲ.’

‘ಯಾಕ್ಲಾ? ಇನ್ನೂ ಸಿಟ್ಟಾ?’

‘ಸಿಟ್ಟು ಇಲ್ಲ ಕಣ್ಲಾ. ಅಭ್ಯಾಸ ಹೋಗ್ಬುಟ್ಟೈತೆ.’ ಗಿರಾಕಿಯ ಕಡೆ ತಿರುಗಿದ. ‘ಎಷ್ಟು ಕೊಡ್ಲಿ ತಾಯಿ?’

ಮೆಟ್ಟಿಲಿಳಿದು ಬಂದೆ. ನನ್ನ ಮಟ್ಟಿಗೆ ಮುಗಿಯಿತು ಎಂದುಕೊಂಡೆ. ತಪ್ಪು ಒಪ್ಪಿಕೊಂಡೆ, ಕರೆದೆ, ಅವನು ಬರಲಿಲ್ಲ. ಇನ್ನು ಅವನಿಗೆ ಬಿಟ್ಟದ್ದು. ಇಂಥ ಸಮಾಧಾನ ನನ್ನೊಳಗೆ ಎಷ್ಟು ಬೇಗ ತಯಾರಾಗುತ್ತದೆ ಎಂದರೆ, ಎಲ್ಲೋ ಕಾರ್ಖಾನೆಯೇ ಇರಬೇಕು.

ಸೋಮವಾರ ರಾಯಚರ್ಲು. ಅಲ್ಲಿ ಈಗ ಕಣ್ಣು ಹೋದಷ್ಟು ದೂರವೂ ಸೋಲಾರ್ ಹಲಗೆಗಳು. ಬೇರೆ ಊರಲ್ಲಿ ಬಿಸಿಲು ಮೇಲಿಂದ ಬರುತ್ತದೆ, ಅಲ್ಲಿ ಪಕ್ಕದಿಂದಲೂ ಬರುತ್ತದೆ. ಅವುಗಳ ನೆರಳಲ್ಲಿ ಕೌಜುಗ ಹಕ್ಕಿ ಮರಿ ಮಾಡುತ್ತದೆ, ಆಟದ ಚೆಂಡು ಬೇಲಿ ಹಾರಿದರೆ ವಾಚ್‌ಮನ್ ತಂದುಕೊಡುವ ತನಕ ಆಟ ಇಲ್ಲ. ನಮ್ಮ ಮಕ್ಕಳ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಯಿತು ಎಂದು ಅವರಿಗೂ ಗೊತ್ತಾಗುವುದಿಲ್ಲ. ಕಳೆದ ವರ್ಷ ಕಥೆ ಕೇಳಿದ್ದ ಒಂಬತ್ತನೇ ಕ್ಲಾಸಿನವರನ್ನೇ ಮೈದಾನದಲ್ಲಿ ಕೂರಿಸಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿ, ಸರಿಯಾದದ್ದನ್ನು ಹೇಳಿದೆ. ಯಾರಿಗೂ ಆಘಾತವಾಗಲಿಲ್ಲ. ಮೇಷ್ಟ್ರುಗಳು ಸುಳ್ಳು ಹೇಳುತ್ತಾರೆ ಎನ್ನುವುದು ಅವರಿಗೆ ಹೊಸದೇನಲ್ಲ.

ಲಕ್ಷ್ಮೀದೇವಿ ಎಂಬ ಹುಡುಗಿ, ನಮ್ಮ ಖೋಖೋ ತಂಡದವಳು, ಕೈ ಎತ್ತಿದಳು. ‘ಸಾರ್, ಆ ಸಾರು ಇಪ್ಪುಡು ಆಡ್ತಾರಾ?’

‘ಇಲ್ಲಮ್ಮ, ಈಗ ಆಡಲ್ಲ. ಅವತ್ತೇ ಬಿಟ್ಟ.’

‘ಮತ್ತೆ ನೀವು ಕರೀಬೇಕು ಕದಾ ಸಾರ್?’

‘ಕರೆದೆ. ಬರಲ್ಲ ಅಂದ.’

‘ಎನ್ನಿ ಸಾರ್ಲು ಕರೆದ್ರಿ?’

ಎಷ್ಟು ಸಲ. ನಾನು ಸುಮ್ಮನಿರಲು ನೋಡಿದೆ, ಗೌಡಗೆರೆ ನೆನಪಾಯಿತು. ‘ಒಂದು ಸಲ’ ಎಂದೆ.

‘ಒಕ್ಕ ಸಾರೇನಾ!’ ಎಂದಳು. ಇಡೀ ಕ್ಲಾಸು ನಕ್ಕಿತು. ಕಿಲಕಿಲ ನಗುವಲ್ಲ, ಪೆಟ್ಟು ಬಿದ್ದ ಹಾಗೆ ನಕ್ಕಿತು. ಹಿಂದಿನಿಂದ ಯಾರೋ, ‘ನಮ್ಮನ್ನ ರನ್ನಿಂಗ್‌ಗೆ ದಿನಾ ಹತ್ತು ಸಾರಿ ಕರೀತಾರೆ’ ಎಂದಿತು.

ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು ಎಂದು ನಮಗೆ ಭಾನುವಾರದ ಶಾಲೆಯಲ್ಲಿ ಕಲಿಸಿದ್ದರು, ಅದು ದೊಡ್ಡ ಸಂಖ್ಯೆ. ತಪ್ಪು ಮಾಡಿದವನು ಎಷ್ಟು ಸಲ ಹೋಗಿ ಕೇಳಬೇಕು ಎಂದು ಯಾರೂ ಕಲಿಸಿರಲಿಲ್ಲ. ವಾರವೆಲ್ಲ ಪ್ರತಿದಿನ ಸಂಜೆ ಶಾಲೆ ಬಿಟ್ಟ ಕೂಡಲೇ ಮಧುಗಿರಿಯ ಬಸ್ಸು ಹತ್ತಿದೆ. ಸಾಮಾನ್ಯವಾಗಿ ನಾನು ವಾರದ ದಿನ ಪಾವಗಡದ ರೂಮಿನಲ್ಲೇ ಉಳಿಯುವವನು. ‘ಏನ್ ಸಾರ್, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?’ ಎಂದು ಕಂಡಕ್ಟರ್ ಕೇಳಿದ. ಹೌದು ಎಂದೆ, ಆಮೇಲೆ ಇಲ್ಲ ಎಂದೆ.

ಸೋಮವಾರ ಅವನು, ‘ಮಂಡಿನೋವು’ ಎಂದ. ಮಂಗಳವಾರ, ‘ಗಿರಾಕಿ ಅವ್ರೆ, ಕಾಣಲ್ವಾ?’ ಎಂದ. ಬುಧವಾರ ಒಂದು ಹಿಡಿ ಕಡಲೆಕಾಯಿ ಕೊಟ್ಟು ಕೈಸನ್ನೆಯಲ್ಲೇ ಹೋಗು ಎಂದ. ಗುರುವಾರ, ‘ನಿಂಗೆ ನಾಚ್ಕೆ ಆಗಲ್ವೇನ್ಲಾ?’ ಎಂದ. ‘ಆಗ್ತದೆ, ಅದಕ್ಕೇ ಬರ್ತೀನಿ’ ಎಂದೆ. ಪಕ್ಕದ ಅಂಗಡಿಯವರು ನಾನು ಬರುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ನಿಲ್ಲತೊಡಗಿದ್ದರು. ನೋಡುವವರಿದ್ದಾರೆ ಎಂದು ಹೋಗುತ್ತಿದ್ದೇನೆಯೇ ಎಂಬ ಅನುಮಾನವೂ ಬಂತು. ಇರಬಹುದು. ಇದೂ ಮುಂದೊಂದು ದಿನ ಕಥೆಯಾಗುತ್ತದೆ, ಅದರಲ್ಲಿ ನಾನು ಒಳ್ಳೆಯವನಾಗಿ ಕಾಣುತ್ತೇನೆ ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಲೇ ಇರುತ್ತದೆ. ಹಾಕಲಿ. ಕಾಲು ನಡೆಯುವುದು ಮುಖ್ಯ.

ಇವತ್ತು ಶುಕ್ರವಾರ. ಆರನೆಯ ಸಲ. ಮೆಟ್ಟಿಲ ಮೇಲೆ ನಿಂತೆ. ಗಿರಾಕಿಗಳಿರಲಿಲ್ಲ.

‘ನಾಳೆ ಸಾಯಂಕಾಲ ಆಟ ಐತೆ. ಬಾ.’

‘ಎಷ್ಟು ದಿನ ಬರ್ತೀಯ ನೀನು ಇಂಗೆ?’

‘ನೀನು ಬರೋ ತನಕ.’

‘ನಾನು ಸಾಯೋ ತನಕ ಬರ್ದಿದ್ರೆ?’

‘ಅಂಗಾದ್ರೆ ನಾನು ಸಾಯೋ ತನಕ ಬರ್ತೀನಿ. ಯಾರು ಮೊದ್ಲು ಅಂತ ನೋಡಾಣ.’

ಅವನ ಬಾಯಿಯ ಒಂದು ಮೂಲೆ ಅಲ್ಲಾಡಿತು. ಅದನ್ನು ನಗು ಎಂದು ಬರೆಯುವುದಿಲ್ಲ. ಕಡಲೆಕಾಯಿ ಸಿಪ್ಪೆ ಸಿಕ್ಕಿಕೊಂಡಿದ್ದಿರಬಹುದು. ಎದ್ದ. ಒಳಗಿನಿಂದ ಅರ್ಧ ತುಂಬಿದ ಮೂಟೆಯೊಂದನ್ನು ಎಳೆದು ತಂದು, ಕೈಯಿಂದ ತಟ್ಟಿ ಮಟ್ಟ ಮಾಡಿ, ಹೊಸ್ತಿಲೊಳಗೆ ನನ್ನ ಮುಂದೆ ಇಟ್ಟ.

‘ಬರಲ್ಲ ಅಂದ್ರೆ ಬರಲ್ಲ’ ಎಂದ. ‘ಒಳಕ್ಕೆ ಬಂದು ಕೂತ್ಕೊ.’